ಮನೆಗೊಂದು ಚೀಟಿ

ಹೊಸ ಕಲ್ಲೊಡ್ಡು, ಕೃಷ್ಣಾ ನದಿಯ ದಂಡೆ
ಇಸವಿ ೨೧೬೮, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಎರಡು ಸಾವಿರದ ಇಪ್ಪತ್ತರ ಆಸುಪಾಸಿನಲ್ಲಿ ಬದುಕಿರುವ ಹಿರಿಯರಿಗೆ,

ನಿಮ್ಮಲ್ಲಿ ಕೆಲವರಿಗೆ ಇನ್ನೂ ಇಪ್ಪತ್ತು ತುಂಬಿರಲಿಕ್ಕಿಲ್ಲ. ಆದರೂ ನೀವು ನನಗೆ ಹಿರಿಯರೇ, ಏನು ಮಾಡುವುದು. ತಾರೀಖು ನೋಡಿ ಯಾರೋ ತಲೆಕೆಟ್ಟವರ ಕಾಗದವೆಂದು ಬದಿಗಿಡಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ನದಿ ಊರಿನೊಳಗೆ ಬಂದ ದಿನದಿಂದ ಇಳಿದುಹೋಗುವ ದಿನದವರೆಗಿನ ಕಾಲವನ್ನು ನಾವು ಉಳಿದ ಹನ್ನೆರಡರಲ್ಲಿ ಸೇರಿಸುವುದಿಲ್ಲ. ಅದಕ್ಕೆ ನೀರು ತಿಂಗಳು ಎನ್ನುತ್ತೇವೆ. ಒಂದು ವರ್ಷ ಅದು ಹನ್ನೊಂದು ದಿನ, ಇನ್ನೊಂದು ವರ್ಷ ನಲವತ್ತು. ಆ ದಿನಗಳಲ್ಲಿ ಶಾಲೆಯಿಲ್ಲ, ಕೋರ್ಟಿಲ್ಲ, ಮದುವೆಯಿಲ್ಲ. ಎಲ್ಲರಿಗೂ ಬಿಡುವಿರುವುದರಿಂದ ಊರಿನ ಸಭೆಗಳೆಲ್ಲ ಆಗಲೇ ನಡೆಯುತ್ತವೆ. ನಮ್ಮ ಮನೆಗಳು ಕಂಬದ ಮೇಲಿವೆ. ಈಗ ನಾನು ಬರೆಯುತ್ತಿರುವಾಗ ನನ್ನ ಕಾಲ ಕೆಳಗೆ, ಹಲಗೆಯ ಆಚೆ, ನೀರು ಕಂಬಕ್ಕೆ ತಾಗಿ ಹರಿಯುವ ಸದ್ದು ಕೇಳುತ್ತಿದೆ. ಇದಕ್ಕೆ ನಾವು ಹೆದರುವುದಿಲ್ಲ. ಹೆದರಬೇಕಾದ ನೀರು ನನ್ನ ಎಂಬತ್ತೊಂದು ವರ್ಷಗಳಲ್ಲಿ ಎರಡೇ ಸಲ ಬಂದಿದೆ.

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ದಿನಪತ್ರಿಕೆಗಳಿಂದ. ಊರಿನ ಹಳೆ ಕಾಗದದ ಮನೆಯನ್ನು ಮೂವತ್ತನಾಲ್ಕು ವರ್ಷ ನೋಡಿಕೊಂಡವಳು ನಾನು, ಹೆಸರು ನೀಲಾಂಬಿಕೆ ಹುದ್ದಾರ. ಓದಿದ್ದು ಹೆಚ್ಚು, ಮರೆತದ್ದು ಕಡಿಮೆ, ಸಿಟ್ಟು ಅದಕ್ಕಿಂತ ಹೆಚ್ಚು. ತಪ್ಪು ಕಂಡರೆ ಕಾಗದ ಬರೆಯುವುದು ನನ್ನ ಚಟ. ಜಲ ಕಚೇರಿಗೆ, ರಸ್ತೆ ಕಚೇರಿಗೆ, ಪತ್ರಿಕೆಗಳಿಗೆ ನಾನು ಬರೆದ ಕಾಗದಗಳನ್ನು ಪೇರಿಸಿದರೆ ನನ್ನೆತ್ತರ ಆದೀತು. ಈ ಕಾಗದವೊಂದನ್ನೇ ನಾನು ಹತ್ತೊಂಬತ್ತು ವರ್ಷ ಬರೆಯದೆ ಉಳಿಸಿಕೊಂಡದ್ದು. ಇದು ಹಿಂದಕ್ಕೆ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ಪಕ್ಕದ ಕಚೇರಿಗೆ ಬರೆದದ್ದೇ ಎಷ್ಟೋ ಸಲ ತಲುಪಿಲ್ಲ.

ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ನನ್ನ ತಪ್ಪನ್ನು ನಾನು ಕಲಿತದ್ದು ನಿಮ್ಮಿಂದ. ನಿಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಬರುತ್ತದೆ: ಮುಳುಗಿದ ಊರಿನ ಜನರಿಗೆ ಹೊಸ ಮನೆ ಹಂಚುವ ಸಮಾರಂಭ, ಮೇಜಿನ ಮೇಲೊಂದು ಕೊಡ, ಕೊಡದೊಳಗೆ ಕೈ ಹಾಕಿ ಚೀಟಿ ಎತ್ತುತ್ತಿರುವ ಒಬ್ಬಾಕೆ, ಅಕ್ಕಪಕ್ಕ ನಗುತ್ತಿರುವ ಅಧಿಕಾರಿಗಳು. ಮನೆಗೊಂದು ಚೀಟಿ. ಹೆಸರು ನೋಡಬೇಕಿಲ್ಲ, ಜಾತಿ ನೋಡಬೇಕಿಲ್ಲ, ಯಾರ ಫೋನೂ ಬರಬೇಕಿಲ್ಲ. ಆ ಚಿತ್ರ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು. ಇದಕ್ಕಿಂತ ನ್ಯಾಯ ಇನ್ನೇನಿದ್ದೀತು ಎಂದುಕೊಂಡೆ.

ಮೊದಲ ದೊಡ್ಡ ನೀರು ಬಂದದ್ದು ೨೧೨೯ರಲ್ಲಿ. ಆಗ ನಾವು ಹಳೇ ಕಲ್ಲೊಡ್ಡಿನಲ್ಲಿದ್ದೆವು, ನೆಲದ ಮೇಲೇ. ನನ್ನ ಮನೆ ಕೋಟೆ ಗಲ್ಲಿಯಲ್ಲಿ. ದಪ್ಪ ಗೋಡೆ, ಎತ್ತರದ ಜಗಲಿ, ಓದುಬರಹ ಬಲ್ಲ ಮನೆತನಗಳು. ಹೊಳೆಯ ಕಡೆಗೆ ಇಳಿದರೆ ಬಣ್ಣಗಾರ ಓಣಿ. ನೂಲಿಗೆ ಬಣ್ಣ ಹಾಕುವವರು, ನೇಯುವವರು, ಹತ್ತಿ ಹಿಂಜುವವರು, ಬಟ್ಟೆ ಹೊಲಿಯುವವರು, ಎಂದೋ ಗಿರಣಿ ಕೆಲಸಕ್ಕೆ ಬಂದು ಉಳಿದವರು, ಎಲ್ಲ ಜಾತಿಯವರೂ ಆ ಓಣಿಯಲ್ಲಿ ಗೋಡೆಗೆ ಗೋಡೆ ಕೂಡಿಸಿಕೊಂಡು ಇದ್ದರು. ಅವರಲ್ಲೊಂದು ನಂಬಿಕೆಯಿತ್ತು. ತಮ್ಮ ಮನೆಯ ಹೆಪ್ಪನ್ನೇ ತಮ್ಮ ಹಾಲಿಗೆ ಹಾಕಿದರೆ ಮೊಸರು ಹುಳಿಯಾಗುತ್ತದೆ, ಬೇರೆ ಮನೆಯಿಂದಲೇ ತರಬೇಕು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬುದು ನಮ್ಮ ಕಡೆ ಎಲ್ಲರೂ ಬಲ್ಲ ಮಾತು. ಹೀಗಾಗಿ ಪ್ರತಿದಿನ ದೀಪ ಹಚ್ಚುವ ಮೊದಲಿನ ಅರ್ಧ ಗಂಟೆ ಆ ಓಣಿಯ ಹೆಂಗಸರು ಬಟ್ಟಲು ಹಿಡಿದು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ನಾನು ನೋಡಿ ನಗುತ್ತಿದ್ದೆ. ಮೊಸರು ಹೇಗಾಗುತ್ತದೆ ಎಂಬುದನ್ನು ಓದಿಕೊಂಡವಳಲ್ಲವೇ.

ಆ ವರ್ಷ ಒಂದು ಮಧ್ಯಾಹ್ನ ಮೇಲಿನ ಅಣೆಕಟ್ಟೆಯ ನೀರು ಬಿಟ್ಟರು. ಹೆಪ್ಪು ಕೇಳುವ ಹೊತ್ತಿಗೆ ಬಣ್ಣಗಾರ ಓಣಿಯಲ್ಲಿ ಮೊಣಕಾಲುದ್ದ ನೀರು. ಕಿವಿ ಕೇಳದ ಹೊಲಿಗೆಯ ಪಾರಕ್ಕ ಎಂಬಾಕೆ ಅಂದು ಬಟ್ಟಲು ಹಿಡಿದು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ದಾವಲಬಿ ನದಾಫ ಆಕೆಯ ಮನೆಗೆ ನುಗ್ಗಿದಳು. ಪಾರಕ್ಕ ಹಗಲಾಗಲಿ ರಾತ್ರಿಯಾಗಲಿ ಮಲಗುವುದು ಹೊಲಿಗೆ ಮಷಿನ್ನಿನ ಪಕ್ಕವೇ ಎಂಬುದು ದಾವಲಬಿಗೆ ಗೊತ್ತಿತ್ತು; ಕೈ ಹಿಡಿದು ಎಳೆದು ತಂದಳು. ಓಣಿಯ ಒಬ್ಬರೂ ಸಾಯಲಿಲ್ಲ. ಹತ್ತೊಂಬತ್ತನೆಯ ದಿನ ಅಲ್ಲಿ ಮಗ್ಗದ ಸದ್ದು ಕೇಳಿಸಿತು. ಎಳೆಗೂಸಿರುವ ಮನೆಯಿಂದ ಶುರುಮಾಡಿ, ಎಲ್ಲರೂ ಕೂಡಿ, ಒಂದೊಂದೇ ಮನೆಯ ಕೆಸರು ತೆಗೆದಿದ್ದರು. ಒಣಗಿ ಉಳಿದಿದ್ದ ಮೂರೇ ಮಗ್ಗಗಳಲ್ಲಿ ಪಾಳಿಯ ಮೇಲೆ ಮೂವತ್ತು ಮನೆಯವರು ನೇಯ್ದರು. ನಮ್ಮ ಕೋಟೆ ಗಲ್ಲಿಗೆ ಎಂಟು ತಿಂಗಳು ಹಿಡಿಯಿತು. ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನಮ್ಮ ನಮ್ಮ ಪರಿಹಾರದ ಅಧಿಕಾರಿಗಾಗಿ ಕಾದಿದ್ದೆವು.

ಇದನ್ನು ನಾನು ಕಣ್ಣಾರೆ ಕಂಡೆ. ಮತ್ತು ಪತ್ರಿಕೆಗೆ ಬರೆದೆ: ಬಣ್ಣಗಾರ ಓಣಿ ತುಸು ದಿಬ್ಬದ ಮೇಲಿರುವುದರಿಂದ ಅಲ್ಲಿ ಹಾನಿ ಕಡಿಮೆ. ಆ ಓಣಿ ನಮ್ಮ ಗಲ್ಲಿಗಿಂತ ಎರಡಾಳು ಕೆಳಗಿತ್ತು. ನಾನು ದಿನಾ ಹಾಯ್ದುಹೋಗುತ್ತಿದ್ದ ಇಳಿಜಾರು ಅದು. ಹಾಗೇಕೆ ಬರೆದೆ? ನನ್ನ ತಿಳಿವಳಿಕೆಯೊಳಗೆ ಬೇರಾವ ಕಾರಣವೂ ಹಿಡಿಸಲಿಲ್ಲ.

ಎರಡು ವರ್ಷದ ಮೇಲೆ ಊರನ್ನು ಎತ್ತರಕ್ಕೆ ಸಾಗಿಸುವುದೆಂದಾಯಿತು. ಒಳ್ಳೆಯ ಜಾಗಗಳೆಲ್ಲ ಹೆಸರುಳ್ಳವರಿಗೆ ಹೋಗುತ್ತವೆಂದು, ಹಳೆಯ ಕೇರಿಗಳ ಗೆರೆ ಹೊಸ ಊರಿನಲ್ಲೂ ಮೂಡುತ್ತದೆಂದು ನನಗೆ ಭಯವಿತ್ತು. ಆ ಭಯ ಸುಳ್ಳಾಗಿರಲಿಲ್ಲ. ಇಂದಿಗೂ ಅದನ್ನು ಬಿಟ್ಟುಕೊಡಲಾರೆ. ನಾನು ಹದಿನಾಲ್ಕು ಪುಟದ ಮನವಿ ಬರೆದೆ, ನಿಮ್ಮ ಪತ್ರಿಕೆಯ ಚಿತ್ರಗಳನ್ನು ಲಗತ್ತಿಸಿದೆ. ಒಂದು ಮನೆಗೆ ಒಂದು ಚೀಟಿ, ಬದಲಾವಣೆಗೆ ಅವಕಾಶವಿಲ್ಲ. ಇದಕ್ಕೆ ಜನ ಹುದ್ದಾರ ನಿಯಮ ಎಂದು ಹೆಸರಿಟ್ಟರು. ಕೇಳಿ ಹಿಗ್ಗಿದೆ.

ಸಭೆಯಲ್ಲಿ ಎದ್ದು ನಿಂತದ್ದು ದಾವಲಬಿಯೊಬ್ಬಳೇ. "ಬಾಯಾರ, ಚೀಟಿ ಎತ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಿಗೊಂದು ಎತ್ತಬ್ಯಾಡ್ರಿ, ಹತ್ತು ಮನಿ ಕೂಡಿಸಿ ಒಂದ ಎತ್ರಿ. ಎಲ್ಲಿ ಒಗದ್ರೂ ಹೋಗ್ತೀವಿ, ಹತ್ತೂ ಮನಿ ಕೂಡೇ ಒಗೀರಿ."

ಅದು ಗುಂಪುಗಾರಿಕೆಯಾಗುತ್ತದೆ, ಹಳೇ ಕೇರಿಗಳನ್ನು ಹೊತ್ತುಕೊಂಡು ಹೋಗಲು ನಾವು ಹೊಸ ಊರು ಕಟ್ಟುತ್ತಿಲ್ಲ ಎಂದೆ.

"ನಮ್ಮ ಓಣ್ಯಾಗ ಯಾವ ಜಾತಿ ಇಲ್ಲ ಹೇಳ್ರಿ ನೋಡೂಣು. ನಿಮ್ಮ ಕ್ವಾಟಿ ಗಲ್ಲ್ಯಾಗ ಎಷ್ಟ ಅದಾವ, ಅದನ್ನೂ ಎಣಸ್ರಿ," ಎಂದಳು. ಜನ ನಕ್ಕರು. ಆಕೆ ಬಿಡಲಿಲ್ಲ: "ಬ್ಯಾರೆ ಮೂರು ಓಣಿ ಮಂದಿ ಇರಬೇಕು ಅಂತ ಕಾಯ್ದೆ ಮಾಡ್ರಿ ಬೇಕಾರ. ನಮ್ಮ ಪಾರಕ್ಕಗ ಕಿವಿ ಕೇಳಂಗಿಲ್ಲ. ಆಕಿನ್ನ ಯಾರು ಎಬ್ಬಸವರು?"

ಅದಕ್ಕೆ ಹೊಸ ಊರಿನಲ್ಲಿ ಎಚ್ಚರಗಂಬ ಇರುತ್ತದೆ ಎಂದೆ. ಎಚ್ಚರಗಂಬವೆಂದರೆ ಪ್ರತಿ ಅಂಗಳದಲ್ಲಿ ನಿಲ್ಲಿಸುವ ಯಂತ್ರ. ನೀರು ಏರಿದರೆ ಪ್ರತಿಯೊಬ್ಬರನ್ನು ಹೆಸರು ಹಿಡಿದು ಕೂಗುತ್ತದೆ, ಕಿವಿ ಕೇಳದವರ ಮಲಗುವ ಕೋಣೆಯಲ್ಲಿ ದೀಪ ಮಿನುಗಿಸುತ್ತದೆ. ಇಷ್ಟು ಹೇಳಿ ಕೂಡ್ರಬಹುದಿತ್ತು. ಆದರೆ ಜನ ನಕ್ಕದ್ದು ನನಗೆ ಚುಚ್ಚುತ್ತಿತ್ತು. "ಹೆಪ್ಪು ಕೇಳಾಕ ಬಾಜೂ ಮನಿ ಬೇಕು ಅಂತ ಊರಿನ ನಕಾಶೆ ತಿದ್ದಬೇಕೇನವಾ?" ಎಂದು ಕೇಳಿದೆ. ಈ ಸಲ ಜನ ಇನ್ನೂ ಜೋರಾಗಿ ನಕ್ಕರು. ದಾವಲಬಿ ಕೂತಳು. ಆಮೇಲೆ ನಾನು ಸಮಿತಿಗೆ ಇನ್ನೊಂದು ಕಾಗದ ಬರೆದು, ಪ್ರತಿ ಮನೆಗೂ ಬೆಳಿಗ್ಗೆ ಮೊಸರಿನ ಡಬ್ಬಿ ತಲುಪಿಸುವ ವ್ಯವಸ್ಥೆಯನ್ನೂ ಮಾಡಿಸಿದೆ. ನಾಗರಿಕರು ಮನೆ ಮನೆ ತಿರುಗಿ ಬೇಡಬಾರದು ಎಂಬುದು ಅದರ ಮೊದಲ ಸಾಲು.

ಹೊಸ ಊರು ಚೆಂದವಿತ್ತು, ಅದನ್ನೂ ಹೇಳಬೇಕು. ಕಂಬದ ಮೇಲೆ ಅಂತಸ್ತಿನ ಮೇಲೆ ಅಂತಸ್ತು, ಎಲ್ಲರಿಗೂ ಒಂದೇ ಅಳತೆಯ ಕೋಣೆ, ಒಂದೇ ಬಣ್ಣದ ಕಿಟಕಿ. ನೀರಲ್ಲಿ ನಿಂತರೂ ಕೊಳೆಯದ ನೀರ್ಜೋಳ ಎಂಬ ಬೆಳೆ ಆಗಲೇ ಬಂದಿತ್ತು. ರೊಟ್ಟಿ ತುಸು ಸಪ್ಪೆ, ಹೊಟ್ಟೆ ತುಂಬುತ್ತಿತ್ತು. ಕೋಟೆ ಗಲ್ಲಿಯವರ ಪಕ್ಕ ಗಿರಣಿಯವರು, ಅವರ ಪಕ್ಕ ಅಗಸರು. ಹದಿನೆಂಟು ವರ್ಷ ಯಾರೂ ಜಗಳವಾಡಲಿಲ್ಲ. ಜಗಳವಾಡುವಷ್ಟು ಪರಿಚಯವೇ ಇರಲಿಲ್ಲವೆಂದು ನನಗೆ ಹೊಳೆಯಲೂ ಇಲ್ಲ. ಚೀಟಿಯನ್ನು ಒಪ್ಪದೆ ದೂರ ಉಳಿದವರು ಅಂಬಿಗರಷ್ಟೇ. ಬಾರಕೇರ ಮನೆತನದ ನಲವತ್ತು ಕುಟುಂಬಗಳು ಒಡ್ಡಿನ ಮೇಲೆ ಒಟ್ಟಿಗೇ ಗುಡಿಸಲು ಹಾಕಿಕೊಂಡವು. ಅವರ ವಿರುದ್ಧವೂ ನಾನು ಏಳು ಕಾಗದ ಬರೆದಿದ್ದೇನೆ.

ನನ್ನ ಪಕ್ಕದ ಬಾಗಿಲಿಗೆ 'ಪಾ. ಸಿಂಪಿ' ಎಂಬ ಫಲಕವಿತ್ತು. ಒಬ್ಬಂಟಿ ಹೆಂಗಸು. ಮೆಟ್ಟಿಲಲ್ಲಿ ಮುಂದೆ ಹೋಗುವುದು ಕಂಡಾಗ ಒಂದೆರಡು ಸಲ ಹಿಂದಿನಿಂದ ನಮಸ್ಕಾರ ಅಂದೆ. ಆಕೆ ತಿರುಗಿ ನೋಡಲಿಲ್ಲ. ಸೊಕ್ಕು ಎಂದುಕೊಂಡು ಬಿಟ್ಟೆ. ಮಧ್ಯಾಹ್ನ ಗೋಡೆಯಾಚೆ ಹೊಲಿಗೆ ಮಷಿನ್ನಿನ ಸದ್ದಾಗುತ್ತದೆಂದು ಒಮ್ಮೆ ಲಿಖಿತ ದೂರು ಕೊಟ್ಟೆ. ಮಷಿನ್ನು ಅಡುಗೆ ಮನೆಗೆ ಸರಿಯಿತು. ಹದಿನೆಂಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ವ್ಯವಹಾರ ಅಷ್ಟೇ.

೨೧೪೯ರ ಎರಡನೆಯ ದೊಡ್ಡ ನೀರು ಬೆಳಿಗ್ಗೆ ಏಳಕ್ಕೆ ನಮ್ಮ ಮಹಡಿಯ ಹಲಗೆಗೆ ಬಂತು. ಎಚ್ಚರಗಂಬ ಕೂಗಿತು, ನಾನು ಎದ್ದೆ. ನೀರಿಗೆ ದೋಣಿ ಇಳಿಸಿದವರು ಅದೇ ಬಾರಕೇರರು. ಭೀಮಶಿ ಬಾರಕೇರ ಎಂಬಾತ ನಮ್ಮ ಪಡಸಾಲೆಗೇ ದೋಣಿ ತಂದು ತಾಗಿಸಿದ. ನಾನು ನನ್ನ ಎರಡು ಟ್ರಂಕು ಕಾಗದಗಳನ್ನು ಮೊದಲು ಇಳಿಸಿದೆ, ಆಮೇಲೆ ನಾನು ಇಳಿದೆ. ಆತ ಹುಟ್ಟು ಹಿಡಿದುಕೊಂಡು ಪಕ್ಕದ ಬಾಗಿಲ ಕಡೆ ಕತ್ತು ತಿರುಗಿಸಿ ಕೇಳಿದ: "ಬಾಯಾರ, ಬಾಜೂ ಮನ್ಯಾಗ ಯಾರರ ಅದಾರೇನ್ರಿ?"

ಬಾಗಿಲು ಮುಚ್ಚಿತ್ತು. ಒಳಗೆ ಸದ್ದಿರಲಿಲ್ಲ. "ಯಾರೂ ಇಲ್ಲಪಾ. ಊರಿಗೆ ಹೋಗಿರಬೇಕು, ನಡಿ," ಎಂದೆ.

ಆಕೆಗೆ ಬೇರೆ ಊರು ಇದೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದಿದ್ದರೆ ಆತ ಇಳಿದು ಕದ ಬಡಿಯುತ್ತಿದ್ದ, ತೆರೆಯದಿದ್ದರೆ ಮುರಿಯುತ್ತಿದ್ದ. ಆದರೆ ಪಕ್ಕದ ಮನೆಯ ಬಗ್ಗೆ ಕೇಳಿದಾಗ ಗೊತ್ತಿಲ್ಲ ಎನ್ನಲು ನನ್ನಂಥವಳಿಗೆ ನಾಚಿಕೆಯಾಯಿತು. ನಾಚಿಕೆ ಮುಚ್ಚಲು ತಿಳಿದವಳ ಹಾಗೆ ಹೇಳಿದೆ. ನನ್ನ ಮಾತಿನಲ್ಲಿ ಯಾವಾಗಲೂ ಒಂದು ಖಚಿತತೆ ಇರುತ್ತದೆ. ಆತ ನಂಬಿದ. ಎಚ್ಚರಗಂಬದ ದೀಪ ಪಾರಕ್ಕನ ಮಲಗುವ ಕೋಣೆಯಲ್ಲಿ, ಖಾಲಿ ಹಾಸಿಗೆಯ ಮೇಲೆ, ನೀರು ಮುಟ್ಟುವವರೆಗೂ ಮಿನುಗಿತು. ಆಕೆ ಅಡುಗೆ ಮನೆಯಲ್ಲಿ, ಮಷಿನ್ನಿನ ಪಕ್ಕ ಮಲಗಿದ್ದಳು. ಅದನ್ನು ಬಲ್ಲ ದಾವಲಬಿಗೆ ಚೀಟಿಯಲ್ಲಿ ಬಂದಿದ್ದ ಮನೆ ಎರಡು ಮೈಲಿ ಆಚೆ. ಆಕೆ ದೋಣಿಗಾಗಿ ಕೂಗುತ್ತಲೇ ಇದ್ದಳಂತೆ, ತನಗಾಗಿ ಅಲ್ಲ.

ಮೂರು ದಿನದ ಮೇಲೆ ಬಾಗಿಲು ತೆರೆದರು. ಊರಿನಲ್ಲಿ ಸತ್ತವರು ಹನ್ನೊಂದು ಜನ, ಅಷ್ಟೂ ಜನ ಮುಚ್ಚಿದ ಬಾಗಿಲುಗಳ ಹಿಂದೆ. ಒಡ್ಡಿನ ಮೇಲಿನ ಗುಡಿಸಲುಗಳಲ್ಲಿ ಒಬ್ಬರೂ ಇಲ್ಲ.

ವಿಚಾರಣೆಗೆ ಒತ್ತಾಯಿಸಿದವಳು ನಾನೇ. ಯಂತ್ರ ಕೂರಿಸಿದವರ ವಿರುದ್ಧ ಇಪ್ಪತ್ತೆರಡು ಕಾಗದ ಬರೆದೆ. ವಿಚಾರಣೆಯ ಕಡತದಲ್ಲೇ ನಾನು ಮೊದಲ ಸಲ ಓದಿದ್ದು: 'ಮೃತಳು ಪಾರ್ವತೆವ್ವ ಸಿಂಪಿ, ವಯಸ್ಸು ಐವತ್ತೆಂಟು, ಹುಟ್ಟಿನಿಂದ ಕಿವುಡಿ'. ದಾವಲಬಿ ಸಭೆಯಲ್ಲಿ ಹೆಸರು ಹಿಡಿದು ಹೇಳಿದ್ದ ಪಾರಕ್ಕ ನನ್ನ ಗೋಡೆಯಾಚೆಯವಳೇ ಆಗಿದ್ದಳು. ಮೆಟ್ಟಿಲಲ್ಲಿ ತಿರುಗಿ ನೋಡದಿದ್ದ ಸೊಕ್ಕಿನ ಹೆಂಗಸು.

ಭೀಮಶಿಯನ್ನೂ ಕರೆಸಿದರು. ಮನೆಯಲ್ಲಿ ಯಾರೂ ಇಲ್ಲವೆಂದು ನಿನಗೆ ಹೇಳಿದವರು ಯಾರು ಎಂದು ಕೇಳಿದರು. ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ, ಮಡಿಲಲ್ಲಿ ಕಡತ. ಆತ ನನ್ನನ್ನು ನೋಡಿದ. "ನೆನಪಿಲ್ರಿ ಸಾಹೇಬ್ರ," ಎಂದ. ಕರ್ತವ್ಯಲೋಪವೆಂದು ಎರಡು ವರ್ಷ ಆತನ ದೋಣಿ ಪರವಾನಗಿ ಕಿತ್ತುಕೊಂಡರು. ನಾನು ಕಡತ ಮುಚ್ಚಿ ಮನೆಗೆ ಬಂದೆ. ಮಾರನೆಯ ದಿನ ಯಂತ್ರದ ಬಗ್ಗೆ ಇಪ್ಪತ್ತಮೂರನೆಯ ಕಾಗದ ಬರೆದೆ.

ಈ ಸಲ ಊರು ಎರಡನೆಯ ಬಾರಿಗೆ ಜಾಗ ಬದಲಿಸಲಿದೆ. ಬರುವ ವಾರ ಹಂಚಿಕೆ, ಅದೂ ಹುದ್ದಾರ ನಿಯಮದಂತೆಯೇ ಎಂದಿತ್ತು. ಪಾರಕ್ಕನಂತೆ ಕಿವಿ ಕೇಳದವರು ಈ ಊರಿನಲ್ಲಿ ಈಗ ಅರುವತ್ತಮೂರು ಜನರಿದ್ದಾರೆ. ನಾನು ಪಟ್ಟಿ ನೋಡಿದ್ದೇನೆ. ಆ ಅರುವತ್ತಮೂರು ಜನರನ್ನೂ ಮತ್ತೆ ಅಪರಿಚಿತರ ಗೋಡೆಯಾಚೆ ಎಸೆಯುವವರಿದ್ದರು, ನನ್ನ ಹೆಸರಿನಲ್ಲಿ. ನಿಯಮ ತಪ್ಪು ಎಂದು ಬರೀ ವಾದ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ವಾದ ಮಾಡಿ ಗೆದ್ದವಳೇ ನಾನು. ದೋಣಿಯಲ್ಲಿ ಆಡಿದ ಮಾತನ್ನು ಹೇಳಲೇಬೇಕಿತ್ತು. ಮೊನ್ನೆ ಮಂಗಳವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕಾಗದ ಬರೆದುಕೊಂಡು ಹೋಗಿರಲಿಲ್ಲ.

ಹೇಳಿ ಮುಗಿಸಿದೆ. ಹಿಂದಿನ ಸಾಲಿನಿಂದ ಭೀಮಶಿ, ಈಗ ಆತನಿಗೂ ಕೋಲು ಬೇಕು, ಎದ್ದು ಹೇಳಿದ: "ಬಾಯಾರ, ನಾನರ ಇಳದು ಕದಾ ಬಡೀಬೇಕಿತ್ತು. ನಾನೂ ಬಡೀಲಿಲ್ಲ." ಆ ಮಾತಿನಿಂದ ನನ್ನ ಭಾರ ಇಳಿಯಲಿಲ್ಲ. ನಾನು ದಾವಲಬಿಯ ಕಡೆ ತಿರುಗಿ ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಕೈ ಅಡ್ಡ ಮಾಡಿದಳು.

"ಕ್ಷಮಾ ಗಿಮಾ ನನ್ನ ಕಡೆ ಕೇಳಬ್ಯಾಡ್ರಿ. ಅದು ಕೊಡಾಕ ನಂದಲ್ಲ. ಚೀಟಿ ಮಾತ ಮುಗಸ್ರಿ ಮೊದಲ, ಹೊತ್ತಾಗೈತಿ."

ಸಮಿತಿಯ ಅಧ್ಯಕ್ಷೆ ಚಂದ್ರಲಾ ಮೂವತ್ತು ದಾಟಿರದ ಹುಡುಗಿ; ನನ್ನ ಕಾಗದಗಳನ್ನು ಶಾಲೆಯಲ್ಲಿ ಪಾಠವಾಗಿ ಓದಿದವಳು. ಕೈ ಎತ್ತಿಸಿ ಎಣಿಸಿದಳು. ನಿಯಮ ಬದಲಾಯಿತು, ದಾವಲಬಿ ಮೂವತ್ತೇಳು ವರ್ಷದ ಹಿಂದೆ ಹೇಳಿದ್ದಂತೆಯೇ: ಹತ್ತು ಮನೆಗೆ ಒಂದು ಚೀಟಿ. ಪ್ರತಿ ಹತ್ತರಲ್ಲಿ ಕಡಿಮೆಯೆಂದರೆ ಮೂರು ಬೇರೆ ಬೇರೆ ಓಣಿಯವರು. ಹತ್ತು ಮನೆಗಳ ಹೆಸರು ಬರೆದು ಶುಕ್ರವಾರದೊಳಗೆ ಕೊಡಬೇಕು. ಯಾವ ಹತ್ತಕ್ಕೂ ಸೇರದವರನ್ನು ಉಳಿದ ಖಾಲಿ ಮನೆಗಳಿಗೆ ಒಬ್ಬೊಬ್ಬರಾಗಿ ಕಳಿಸಲಾಗುವುದು. ಈ ಕೊನೆಯ ಸಾಲನ್ನು ಓದುವಾಗ ಆ ಹುಡುಗಿ ನನ್ನತ್ತ ನೋಡಲಿಲ್ಲ.

ಸಭೆ ಮುಗಿಯುತ್ತಲೇ ಜನ ಅಲ್ಲಲ್ಲೇ ಗುಂಪುಗೂಡಿದರು. ಯಾರನ್ನು ಕರೆಯಬೇಕು, ಯಾರಿಗೆ ರಾತ್ರಿ ಕೆಮ್ಮು, ಯಾರ ಮಗು ನೀರೆಂದರೆ ಹೆದರುತ್ತದೆ, ಇಂಥ ಮಾತು. ಇಷ್ಟು ಗದ್ದಲವನ್ನು ನಾನು ಈ ಊರಿನಲ್ಲಿ ಕೇಳಿರಲಿಲ್ಲ. ಬುಧವಾರ ನಾನು ದಾವಲಬಿಯ ಮನೆಯವರೆಗೂ ದೋಣಿಯಲ್ಲಿ ಹೋದೆ. ಆಕೆ ಕುಡಿಯಲು ನೀರು ಕೊಟ್ಟಳು. ನಿಮ್ಮ ಹತ್ತರಲ್ಲಿ ನನಗೂ ಜಾಗವಿದೆಯೇ ಎಂದು ಕೇಳಿದ್ದಕ್ಕೆ, "ನಮ್ಮದು ಹತ್ತು ತುಂಬೇದ್ರಿ ಬಾಯಾರ," ಎಂದಳು. ಅದು ನಿಜ, ಪಟ್ಟಿಯನ್ನು ತೋರಿಸಿದಳು. ಅದರಲ್ಲಿ ನಾಲ್ಕು ಹೆಸರು ಕಿವಿ ಕೇಳದವರದು.

ನಾನು ಬಯಸುವುದು ಇಷ್ಟು. ಮುಳುಗಿದ ಊರನ್ನು ನೀವು ಸಾಗಿಸುವಾಗ ಗೋಡೆ, ಕಿಟಕಿ, ಯಂತ್ರ ಎಲ್ಲದರ ಲೆಕ್ಕವನ್ನು ಸರಿಯಾಗಿಯೇ ಇಡುತ್ತೀರಿ. ಯಾರು ಯಾರ ಬಾಗಿಲು ಬಡಿಯುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಅದನ್ನು ಹೇಳಲು ಎದ್ದು ನಿಂತವರನ್ನು ನಗೆಪಾಟಲು ಮಾಡಿ ಕೂರಿಸಬೇಡಿ. ನೀರು ಬಂದ ಮೇಲೆ ಅದನ್ನು ಕಲಿಯಲಾಗುವುದಿಲ್ಲ. ನೀವು ಇದನ್ನು ಮಾಡಿದರೆ ನಿಮ್ಮ ಪತ್ರಿಕೆಗಳಲ್ಲಿ ಬೇರೆ ಚಿತ್ರ ಬಂದೀತು, ಅದನ್ನು ನೋಡಿ ನನ್ನಂಥವಳೊಬ್ಬಳು ಬೇರೆ ಮನವಿ ಬರೆದಾಳು. ಹಾಗಾದರೆ ಈ ಕಾಗದ ಬರೆದವಳು ಇರುವುದಿಲ್ಲ. ಇರದಿದ್ದರೂ ನಡೆದೀತು.

ಇಂದು ಗುರುವಾರ. ನನ್ನ ಮುಂದೆ ಸಮಿತಿಯ ಮುದ್ರೆಯಿರುವ ಹಾಳೆಯಿದೆ, ಹತ್ತು ಗೆರೆ. ಮೊದಲ ಗೆರೆಯಲ್ಲಿ ನನ್ನ ಹೆಸರು ಬರೆದಿದ್ದೇನೆ. ಒಂಬತ್ತು ಖಾಲಿ. ಎದುರು ಮನೆಯಲ್ಲಿ ದೀಪವಿದೆ, ಯಾರೋ ಪಾತ್ರೆ ತೊಳೆಯುತ್ತಿದ್ದಾರೆ, ಒಂದು ಗಂಡಸಿನ ದನಿಯೂ ಕೇಳುತ್ತಿದೆ. ಆರು ವರ್ಷದಿಂದ ಅಲ್ಲಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ. ಈ ಕಾಗದ ಇಲ್ಲಿಗೆ ಮುಗಿಸಿ, ಹೋಗಿ ಕೇಳುತ್ತೇನೆ.

ನೀಲಾಂಬಿಕೆ ಹುದ್ದಾರ